ಹಸಿರು ಬಾಟಲಿ ಮತ್ತು ನನ್ನ ಸ್ವೆಟರಿನ ತೋಳು

ಮೂವತ್ತೊಂದು ವರ್ಷ ಪರಗಂಡಸರ ಕೆನ್ನೆಯ ವಾಸನೆ ನೋಡಿ ಸಂಬಳ ತೆಗೆದುಕೊಂಡವಳು ನಾನು. ಲಂಡನ್ನಿನ ನಮ್ಮ ಕನ್ನಡ ಕೂಟಗಳಲ್ಲಿ ಹೀಗೆ ಹೇಳಿದರೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ, ಗಂಡಸರು ತಟ್ಟೆಯ ಬಿಸಿಬೇಳೆಬಾತನ್ನು ಬಹಳ ಗಮನವಿಟ್ಟು ನೋಡುತ್ತಾರೆ. ಕಳೆದ ಯುಗಾದಿಯಂದು ಕೆಮಿಸ್ಟ್ರಿ ಓದಿದ ಇಬ್ಬರು ಹುಡುಗಿಯರು ಮಾತ್ರ ನಗಲಿಲ್ಲ. “ಆಂಟಿ, ಆ ಕೆಲ್ಸ ನಿಜವಾಗ್ಲೂ ಹೇಗಿರತ್ತೆ?” ಎಂದು ಕೇಳಿದರು. ಒಬ್ಬಳಿಗೆ ಅಂಥದೇ ಕಂಪನಿಯಲ್ಲಿ ಕೆಲಸ ಸಿಕ್ಕಿದೆಯಂತೆ. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬಿಟ್ಟುಬಿಡುತ್ತೇನೆ, ಅದರಿಂದ ಅವರಿಗೆ ಆಗಬೇಕಾದದ್ದು ಏನೂ ಇಲ್ಲ. ನಾನು ಮಾಡಿದ ತಪ್ಪಿನಿಂದ ಆಗಬಹುದು.

ನಮ್ಮ ಕಾರ್ಖಾನೆ ಲಂಡನ್ನಿನ ಕೈಗಾರಿಕಾ ಬಡಾವಣೆ ಪಾರ್ಕ್ ರಾಯಲ್‌ನಲ್ಲಿತ್ತು. ಒಂದು ಪಕ್ಕದಲ್ಲಿ ಬ್ರೆಡ್ ಸುಡುವವರು, ಇನ್ನೊಂದು ಪಕ್ಕದಲ್ಲಿ ಮಸಾಲೆ ಪೇಸ್ಟ್ ಅರೆಯುವವರು. ಗಾಳಿ ಒಂದು ಕಡೆಯಿಂದ ಬೀಸಿದರೆ ಟೋಸ್ಟ್, ಮನಸ್ಸು ಬದಲಾಯಿಸಿದರೆ ಜೀರಿಗೆ. ಈ ಎರಡರ ನಡುವೆ ನಾವು, ಗಂಡಸರು ಗಡ್ಡ ಹೆರೆದುಕೊಂಡ ಮೇಲೆ ಕೆನ್ನೆಗೆ ತಟ್ಟಿಕೊಳ್ಳುವ ನೀರು ಮಾಡುವವರು. ಆಫ್ಟರ್‌ಶೇವ್ ಎಂದರೆ ಬಹುಪಾಲು ಸ್ಪಿರಿಟ್ಟು, ಒಂದಿಷ್ಟು ನೀರು, ಚೂರೇ ಚೂರು ಸುಗಂಧದ ಎಣ್ಣೆಗಳು. ಆ ಚೂರನ್ನು ಕಾಯುವುದೇ ನನ್ನ ಕೆಲಸವಾಗಿತ್ತು.

ಮೈಸೂರಿನಿಂದ ಡಾಕ್ಟರರ ಹೆಂಡತಿಯಾಗಿ ಬಂದವಳು ನಾನು. ಯಜಮಾನರು ಆಸ್ಪತ್ರೆಗೆ, ಮಗಳು ಸ್ಕೂಲಿಗೆ ಹೋದ ಮೇಲೆ ಹೇಸ್‌ನ ನಮ್ಮ ಬಾಡಿಗೆ ಮನೆಯಲ್ಲಿ ಕಿಟಕಿ ಒರೆಸಿ ಒರೆಸಿ ಬೇಸರವಾಗಿ ಈ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಸಂದರ್ಶನ ಮಾಡಿದವನು ಡೆರೆಕ್, ಮಿಶ್ರಣ ವಿಭಾಗದ ಮುಖ್ಯಸ್ಥ, ಹುಬ್ಬಿನಲ್ಲೇ ಬೈಯಬಲ್ಲ ಮನುಷ್ಯ. ಸುಗಂಧದಲ್ಲಿ ಅದ್ದಿದ ಮೂರು ಕಾಗದದ ಪಟ್ಟಿಗಳನ್ನು ಮುಂದಿಟ್ಟು, “ಇದರಲ್ಲಿ ಯಾವುದು ಬೇರೆ?” ಎಂದ. ನಾನು ಮೂಸಿ ನೋಡಿ, ಮೂರನೆಯದು ಲವಂಗದ ಪಕ್ಕ ಕೂತು ಎದ್ದು ಬಂದಿದೆ ಎಂದೆ. ಡೆರೆಕ್ ಪಟ್ಟಿಗಳನ್ನು ಕಸದ ಬುಟ್ಟಿಗೆ ಹಾಕಿ, “ಸೋಮವಾರ ಬಾ. ಮೈಗೆ ಏನೂ ಹಚ್ಚಿಕೊಂಡು ಬರಬೇಡ” ಎಂದ. ನನ್ನ ಡಿಗ್ರಿಯ ಕಾಗದವನ್ನು ಅವನು ಬಿಚ್ಚಿಯೂ ನೋಡಲಿಲ್ಲ.

ಅವನು ಕಲಿಸಿದ ಪಾಠಗಳು ಎರಡೇ. ಮೊದಲನೆಯದು, ಮೂಗು ಬೆಳಗಿನ ಹತ್ತು ಗಂಟೆಗೆ ಅತ್ಯಂತ ಪ್ರಾಮಾಣಿಕವಾಗಿರುತ್ತದೆ, ಆಗಲೇ ಕೆಲಸ ಮುಗಿಸು. ಎರಡನೆಯದು, ನಾಲ್ಕಾರು ಪಟ್ಟಿ ಮೂಸಿದ ಮೇಲೆ ಮೂಗು ಕಂಗಾಲಾಗುತ್ತದೆ, ಆಗ ನಿನ್ನ ಸ್ವೆಟರಿನ ತೋಳಿಗೆ ಮೂಗು ಒತ್ತಿ ಮೂರು ಸಲ ಉಸಿರೆಳೆದುಕೋ. “ಉಣ್ಣೆ ಅಂದ್ರೆ ಮನೆ ಇದ್ದ ಹಾಗೆ. ಮೂಗು ಮನೆಗೆ ಹೋಗಿ ಮುಖ ತೊಳ್ಕೊಂಡು ಬರತ್ತೆ” ಎನ್ನುತ್ತಿದ್ದ. ಅವನ ತೋಳಿನ ತುಂಬ ಅವನ ನಾಯಿಯ ಕೂದಲಿರುತ್ತಿತ್ತು. ನಾನು ಬೂದು ಬಣ್ಣದ ಒಂದು ಸ್ವೆಟರನ್ನು ಇದಕ್ಕೆಂದೇ ಇಟ್ಟುಕೊಂಡೆ. ಅದು ಹರಿದಾಗ ಇನ್ನೊಂದು ಬೂದು ಸ್ವೆಟರು ಕೊಂಡೆ.

ಮೊದಲ ವರ್ಷದ ನನ್ನ ಪ್ರಮಾದವನ್ನು ಹೇಳಿಬಿಡುತ್ತೇನೆ, ನಿಮಗೂ ಆಗಬಹುದಾದದ್ದು. ಒಂದು ದಿನ ಬೆಳಗ್ಗೆ ಸಾರಿಗೆ ಇಂಗಿನ ಒಗ್ಗರಣೆ ಹಾಕಿ ಟ್ರೇನ್ ಹಿಡಿದೆ. ಹತ್ತು ಗಂಟೆಗೆ ಪಟ್ಟಿ ಮೂಸಿದರೆ ಎಲ್ಲದರಲ್ಲೂ ಬೆಳ್ಳುಳ್ಳಿಯ ಅಣ್ಣನಂಥ ವಾಸನೆ. ಟ್ಯಾಂಕ್ ಕೆಟ್ಟಿದೆ ಎಂದು ಷರಾ ಬರೆದೆ. ಎರಡು ದಿನ ಆಳುಗಳು ಪೈಪು ಬಿಚ್ಚಿ ಹುಡುಕಿದರು. ಮೂರನೆಯ ದಿನ ಡೆರೆಕ್ ನನ್ನ ಕೈ ಹಿಡಿದೆತ್ತಿ ಹೆಬ್ಬೆರಳಿನ ಉಗುರು ಮೂಸಿ, ಪೈಪುಗಳನ್ನು ಮತ್ತೆ ಜೋಡಿಸಲು ಆಳುಗಳಿಗೆ ಹೇಳಲು ಹೋದ. ಅಂದಿನಿಂದ ನಮ್ಮ ಮನೆಯಲ್ಲಿ ಒಗ್ಗರಣೆ ಸಂಜೆಗೆ ಮಾತ್ರ, ಅದೂ ರಬ್ಬರ್ ಗ್ಲೌಸ್ ಹಾಕಿಕೊಂಡು. “ಡಾಕ್ಟರ್ ನಾನೋ ನೀನೋ?” ಎಂದು ಯಜಮಾನರು ರೇಗಿಸುತ್ತಿದ್ದರು. ಮಲ್ಲಿಗೆ, ಪೌಡರು, ವಾಸನೆಯ ಸೋಪು, ತಲೆಗೆಣ್ಣೆ ಎಲ್ಲ ಬಿಟ್ಟೆ. ಒಂದು ಲೆಕ್ಕದಲ್ಲಿ ಸನ್ಯಾಸವೇ. ಮೈಮೇಲೆ ಯಾವ ವಾಸನೆಯೂ ಇಲ್ಲದ ಹೆಂಗಸು ಎಂದು ನನಗೆ ನನ್ನ ಬಗ್ಗೆ ಜಂಬವಿತ್ತು.

ನಮ್ಮಲ್ಲಿ ಹಲವು ಸರಕುಗಳು ಬಂದವು, ಹೋದವು. ಬಂದ ಮೇಲೆ ಹೋಗದೇ ಇದ್ದದ್ದು ಒಂದೇ. ಅದರ ನಿಜವಾದ ಹೆಸರು ಬೇಡ, ನಾವು ಹಸಿರು ಬಾಟಲಿ ಎನ್ನುತ್ತಿದ್ದೆವು. ನನಗಿಂತ ಹಿರಿಯ ಬಾಟಲಿ ಅದು. ಹೊಸ ಸೆಂಟುಗಳು ರಸ್ತೆಯ ಆ ಬದಿಯಿಂದಲೇ ಕೂಗಿ ಕರೆಯುತ್ತವೆ. ಹಳೆಯ ಆಫ್ಟರ್‌ಶೇವ್ ಹಾಗಲ್ಲ. ಒಂದು ಗಳಿಗೆ ಚುರ್ ಎನ್ನುತ್ತದೆ, ಆಮೇಲೆ ತಣ್ಣಗಾಗುತ್ತದೆ, ಆಮೇಲೆ ಕೆನ್ನೆಯ ಮೇಲೆ ಸುಮ್ಮನೆ ಕೂತಿರುತ್ತದೆ. ಅದು ಗೊತ್ತಾಗಬೇಕಾದರೆ ಕೆನ್ನೆಯ ಹತ್ತಿರ ಹೋಗಬೇಕು. ಹಾಗಾಗಿ ಒಬ್ಬ ಗಂಡಸಿನ ಆಫ್ಟರ್‌ಶೇವ್ ನಿಜವಾಗಿ ಗೊತ್ತಿರುವುದು ಅವನ ಹೆಂಡತಿಗೆ, ಅವನು ಎತ್ತಿಕೊಂಡ ಮಕ್ಕಳಿಗೆ. ಇಷ್ಟು ವರ್ಷ ಕಳೆದರೂ ಜನ ಇದನ್ನೇ ಹುಡುಕಿಕೊಂಡು ಬರುವುದು ಯಾಕೆ ಎಂದು ಕೇಳಿದರೆ ನನ್ನ ಹತ್ತಿರ ಇರುವುದು ಇದೊಂದೇ ಉತ್ತರ.

ಕಂಪನಿಗೆ ಪತ್ರಗಳು ಬರುತ್ತಿದ್ದವು. ಗಡ್ಡವನ್ನೇ ಹೆರೆಯದ ಒಬ್ಬ ದಾಡಿವಾಲ ವರ್ಷಕ್ಕೊಂದು ಬಾಟಲಿ ತರಿಸುತ್ತಿದ್ದ. ಪ್ರತಿ ವರ್ಷ ತಂದೆ ತೀರಿಕೊಂಡ ದಿನ ಅದರ ಮುಚ್ಚಳ ತೆಗೆದು ಒಮ್ಮೆ ಮೂಸಿ ಮತ್ತೆ ಮುಚ್ಚಿಡುತ್ತೇನೆ ಎಂದು ಬರೆದಿದ್ದ. ಆ ಪತ್ರ ಓದಿದ ಬೆಳಗ್ಗೆ ನಾನು ಪಟ್ಟಿ ಹಿಡಿದು ಕಿಟಕಿಯ ಬಳಿ ಎಷ್ಟೋ ಹೊತ್ತು ಕೂತಿದ್ದೆ. ಹೊರಗೆ ಬ್ರೆಡ್ಡಿನ ಬಿಸಿ ಗಾಳಿ, ಒಳಗೆ ಹಸಿರು ಬಾಟಲಿ. ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಆ ಬಾಟಲಿಯಿಂದ ಪರಿಮಳ ಎದ್ದಾಗ ನನಗೆ ಏನೋ ಒಂದು ಹಗುರವಾದ ನೆಮ್ಮದಿ, ಮಧ್ಯಾಹ್ನದ ಜೊಂಪಿನ ಹಾಗೆ. ಅದು ಕೆಲಸದ ಮೇಲಿನ ಪ್ರೀತಿ ಎಂದುಕೊಂಡಿದ್ದೆ.

ಈಗ ಕೆಲಸದ ರೀತಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎಣ್ಣೆಗಳು ಗಿಡಮರಗಳಿಂದ ಬರುವಂಥವು. ಈ ಸಲದ ಲ್ಯಾವೆಂಡರ್ ಹೋದ ಸಲದ ಹಾಗಿರುವುದಿಲ್ಲ. ಆದ್ದರಿಂದ ಪ್ರತಿ ಹೊಸ ಮಿಶ್ರಣವನ್ನು ಒಂದು ಮಾದರಿ ಬಾಟಲಿಯ ಜೊತೆ ಹೋಲಿಸಿ, ಅದರಂತೆಯೇ ಬರುವವರೆಗೆ ಒಂದು ಹನಿ ಅದು, ಒಂದು ಹನಿ ಇದು ಸೇರಿಸಿ ಸರಿಮಾಡುತ್ತೇವೆ. ಮಾದರಿ ಬಾಟಲಿಯೂ ಹಳತಾಗಿ ಹುಳಿಯುತ್ತದೆ. ಆಗ ಇತ್ತೀಚಿನ ಒಳ್ಳೆಯ ಮಿಶ್ರಣವೊಂದನ್ನು ಹೊಸ ಮಾದರಿ ಮಾಡುತ್ತೇವೆ. ಡೆರೆಕ್ ಹೋದ ಮೇಲೆ ಮಾದರಿ ಆರಿಸುತ್ತಿದ್ದವಳು ನಾನೇ. ಆಮೇಲೆ ಮಿಶ್ರಣಗಳನ್ನು ಹೋಲಿಸುವ ಯಂತ್ರ ಬಂತು. ಯಂತ್ರವೂ ನಾನು ಆರಿಸಿಕೊಟ್ಟ ಮಾದರಿಗೇ ಹೋಲಿಸುತ್ತಿತ್ತು.

ಒಮ್ಮೆ ಜೇಬಿನಲ್ಲಿ ಉಳಿದಿದ್ದ ಪಟ್ಟಿಯೊಂದನ್ನು ಯಜಮಾನರು ಮೂಸಿ, “ಏನೇ ಇದು, ನಮ್ಮನೆ ಬೀರು ಬಾಗ್ಲು ತೆಗೆದ ಹಾಗಿದೆಯಲ್ಲ?” ಎಂದರು. ಅವರು ಜೀವಮಾನವಿಡೀ ಕೆನ್ನೆಗೆ ಪಟಿಕದ ಕಲ್ಲು ಉಜ್ಜಿಕೊಂಡವರು.

“ಪಟಿಕ ಉಜ್ಜೋರಿಗೆ ಏನ್ರೀ ಗೊತ್ತು?” ಎಂದು ಬಾಯಿ ಮುಚ್ಚಿಸಿದೆ. ಮಗಳೂ ನನ್ನನ್ನು ತಬ್ಬಿಕೊಂಡಾಗ “ಅಮ್ಮಾ, ಯು ಸ್ಮೆಲ್ ಲೈಕ್ ವರ್ಕ್” ಎನ್ನುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಮನೆಯವರ ಮೂಗನ್ನು ನಾನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ನಿವೃತ್ತಿಗೆ ಎರಡು ವರ್ಷವಿದ್ದಾಗ ಆರ್ಥರ್ ಎಂಬವರ ಮೊದಲ ಪತ್ರ ಬಂತು. ಬಸ್ ಓಡಿಸಿ ನಿವೃತ್ತರಾದವರು, ಸ್ಟ್ರಾಟ್‌ಫರ್ಡ್‌ನಲ್ಲಿ ಒಬ್ಬರೇ ಒಂದು ಫ್ಲಾಟಿನಲ್ಲಿ ಇರುವವರು. ಹದಿನೆಂಟನೇ ವಯಸ್ಸಿನಿಂದ ಹಸಿರು ಬಾಟಲಿ ಬಿಟ್ಟು ಬೇರೆ ಮುಟ್ಟಿದವರಲ್ಲ. ‘ಇದು ನನ್ನ ಬಾಟಲಿಯಲ್ಲ. ಬಹಳ ವರ್ಷದಿಂದ ಸುಮ್ಮನಿದ್ದೆ. ಏನು ಬದಲಾಯಿಸಿದ್ದೀರಿ?’ ಎಂದು ಬರೆದಿದ್ದರು. ಇಂಥ ಪತ್ರಗಳಿಗೆ ಉತ್ತರ ಕೊಡುವುದು ನನ್ನ ಪಾಲಿಗಿತ್ತು. ‘ನಮ್ಮ ಸೂತ್ರ ಎಂದೂ ಬದಲಾಗಿಲ್ಲ’ ಎಂದು ಬರೆದೆ. ನಾನು ಅದನ್ನು ನಂಬಿಯೇ ಬರೆದದ್ದು. ಎರಡನೆಯ ಪತ್ರದಲ್ಲಿ ಅವರು ಬೈದಿದ್ದರು. ಅದಕ್ಕೂ ಅದೇ ಉತ್ತರ ಕಳಿಸಿದೆ.

ಮೂರನೆಯ ಪತ್ರದಲ್ಲಿ ಬೈಗುಳವಿರಲಿಲ್ಲ. ‘ನೀವು ಬದಲಾಗಿಲ್ಲ ಅಂದಿದ್ದನ್ನು ನನ್ನ ಮಗಳು ಓದಿದಳು. ಹಾಗಾದರೆ ನಿನ್ನ ಮೂಗೇ ಹೋಗಿದೆ, ಮೂಗಿನ ಹಿಂದೆ ತಲೆಯೂ ಹೋಗುತ್ತದಂತೆ ಅನ್ನುತ್ತಾಳೆ. ಗ್ಯಾಸ್ ಸೋರಿದರೆ ನನಗೆ ಗೊತ್ತಾಗುವುದಿಲ್ಲ ಎಂದು ಒಲೆಯ ನಾಬ್‌ಗಳನ್ನೆಲ್ಲ ಕಿತ್ತು ತನ್ನ ಕೈಚೀಲದಲ್ಲಿಟ್ಟುಕೊಂಡು ಓಡಾಡುತ್ತಾಳೆ. ನಾನು ನನ್ನ ಮನೆಯಲ್ಲೇ ಫ್ಲಾಸ್ಕಿನ ಟೀ ಕುಡಿಯುತ್ತಿದ್ದೇನೆ. ವೃದ್ಧಾಶ್ರಮದ ಬಣ್ಣದ ಪುಸ್ತಕ ತಂದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಬಾಟಲಿ ಬದಲಾಗಿದೆ ಎಂದು ಒಂದೇ ಒಂದು ಸಾಲು ಬರೆದುಕೊಡಿ, ಮೇಡಂ.’

ಆ ಪತ್ರಕ್ಕೆ ನಾನು ಬರೆದ ಉತ್ತರವನ್ನು ಇಲ್ಲಿ ಮುಚ್ಚಿಡುವುದಿಲ್ಲ. ‘ಸೂತ್ರ ಬದಲಾಗಿಲ್ಲ. ವಯಸ್ಸಾದಂತೆ ಮೂಗಿನ ಶಕ್ತಿ ಕುಂದುವುದು ಸಹಜ’ ಎಂದು ಬರೆದೆ. ಕನಿಕರದಿಂದಲೇ ಬರೆದೆ, ಅದೇ ಇನ್ನೂ ನಾಚಿಕೆಗೇಡು. ಆಮೇಲೆ ಅವರಿಂದ ಪತ್ರ ಬರಲಿಲ್ಲ.

ನನ್ನ ನಿವೃತ್ತಿಗೆ ಆರು ವಾರವಿತ್ತು. ಜುಲೈ, ಲಂಡನ್ನಿನಲ್ಲಿ ವಿಪರೀತ ಸೆಕೆ. ಸ್ವೆಟರು ಮನೆಯಲ್ಲೇ ಬಿಟ್ಟು ಬರೀ ಹತ್ತಿ ಕುರ್ತಾದಲ್ಲಿ ಕೆಲಸಕ್ಕೆ ಹೋಗಿದ್ದೆ. ನೆಲಮಾಳಿಗೆಯ ಹಳೆಯ ತಣ್ಣನೆ ಕೋಣೆಯನ್ನು ಖಾಲಿ ಮಾಡುತ್ತಿದ್ದವರು ಒಂದು ಮರದ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಮೂರು ಹಸಿರು ಬಾಟಲಿ, ಬಾಯಿಗೆ ಮೇಣ ಹಾಕಿ ಮುಚ್ಚಿದ್ದವು, ಮೇಲೆ ಡೆರೆಕ್‌ನ ಕೈಬರಹ. ನಾನು ಕೆಲಸಕ್ಕೆ ಸೇರುವ ಮುಂಚಿನ ವರ್ಷದ ಮಾದರಿಗಳು. ಕತ್ತಲಲ್ಲಿ ತಣ್ಣಗೆ ಮಲಗಿದ್ದ ಬಾಟಲಿಗಳು ಕೆಟ್ಟಿರಲಿಲ್ಲ.

ಒಂದರ ಮೇಣ ಒಡೆದು ಪಟ್ಟಿ ಅದ್ದಿದೆ. ಇನ್ನೊಂದು ಪಟ್ಟಿಯನ್ನು ಈಗಿನ ಮಾದರಿಯಲ್ಲಿ ಅದ್ದಿದೆ. ಹಳೆಯದು ಚಳಿಗಾಲದ ಬೆಳಗ್ಗೆ ಪಾರ್ಕಿನಲ್ಲಿ ನಡೆದ ಹಾಗಿತ್ತು, ಲ್ಯಾವೆಂಡರು, ಒದ್ದೆ ಪಾಚಿ, ಸ್ವಲ್ಪ ಕಹಿ. ಈಗಿನದು ಬೆಚ್ಚಗಿತ್ತು, ಒಳಗೆಲ್ಲ ಗಂಧ, ತುದಿಯಲ್ಲಿ ಲವಂಗ. ಒಂದೇ ಮನೆಯ ಮಕ್ಕಳೆಂದು ಹೇಳಬಹುದಿತ್ತು, ಒಬ್ಬರೇ ಎಂದು ಹೇಳುವ ಹಾಗಿರಲಿಲ್ಲ.

ಮಾರನೆಯ ದಿನ ಮಳೆ ಬಂದು ತಂಪಾಗಿತ್ತು, ಸ್ವೆಟರು ಹಾಕಿಕೊಂಡು ಹೋದೆ. ನಮ್ಮ ಹೊಸ ಮುಖ್ಯಸ್ಥೆ ಫಿಯೋನಾಳನ್ನು ಕರೆದು ತೋರಿಸಬೇಕೆಂದು ಪಟ್ಟಿಗಳನ್ನು ಅದ್ದಿ, ಅಭ್ಯಾಸದಂತೆ ತೋಳಿಗೆ ಮೂಗು ಒತ್ತಿ, ಆಮೇಲೆ ಮೂಸಿದೆ. ವ್ಯತ್ಯಾಸವೇ ಇಲ್ಲ. ಇದ್ದರೂ ಕೂದಲೆಳೆಯಷ್ಟು. ಸದ್ಯ, ನಿನ್ನೆ ಸೆಕೆಗೆ ನನ್ನ ತಲೆ ತಿರುಗಿತ್ತು ಎಂದುಕೊಂಡೆ.

ಫಿಯೋನಾ ಮೂಸಿದವಳೇ, “ಅಯ್ಯೋ ದೇವರೇ, ಇವೆರಡಕ್ಕೂ ಅಜಗಜಾಂತರ!” ಎಂದಳು.

“ನಂಗೆ ಏನೂ ಗೊತ್ತಾಗ್ತಿಲ್ಲ” ಎಂದೆ. ಮತ್ತೆ ತೋಳಿಗೆ ಮೂಗು ಒತ್ತಿದೆ, ಮತ್ತೆ ಮೂಸಿದೆ. ಏನೂ ಇಲ್ಲ. ನನ್ನ ಮೂಗು ಹೋಯಿತು ಎಂದುಕೊಂಡ ಕ್ಷಣ ಅದು. ಆರ್ಥರ್ ಎಷ್ಟು ದಿನದಿಂದ ಈ ಹೆದರಿಕೆಯ ಜೊತೆ ಊಟ ಮಾಡಿ ಮಲಗುತ್ತಿದ್ದಾರೆ ಎಂಬುದು ಆಗ ನನಗೆ ಅರ್ಥವಾಯಿತು.

ಫಿಯೋನಾ ನನ್ನನ್ನೇ ನೋಡುತ್ತಿದ್ದಳು. “ಒಂದ್ನಿಮಿಷ, ಆ ತೋಳು ಕೊಡಿ” ಎಂದು ಬಗ್ಗಿ ನನ್ನ ಸ್ವೆಟರಿನ ತೋಳು ಮೂಸಿದಳು. ಆಮೇಲೆ ಈಗಿನ ಪಟ್ಟಿ ಮೂಸಿದಳು. ಮತ್ತೆ ತೋಳು ಮೂಸಿದಳು. “ಇದು ನಮ್ಮ ಹಸಿರು ಬಾಟಲಿ” ಎಂದಳು, ಮೆಲ್ಲಗೆ. “ನಿಮ್ಮ ತೋಳಲ್ಲಿ ನಮ್ಮ ಬಾಟಲಿ ಇದೆ.”

ಮನೆಗೆ ಬಂದು ಬೀರು ತೆಗೆದೆ. ಮದುವೆಯಲ್ಲಿ ಅಮ್ಮ ನನ್ನ ಸೀರೆಗಳ ಮಡಿಕೆಯ ನಡುವೆ ಗಂಧದ ಸೋಪಿನ ಬಿಲ್ಲೆಗಳನ್ನು, ಹುಳ ಬರದಿರಲೆಂದು ನಾಲ್ಕು ಲವಂಗವನ್ನು ಇಟ್ಟು ಕಳಿಸಿದ್ದಳು. ಅದನ್ನೇ ನಾನೂ ಮಾಡಿಕೊಂಡು ಬಂದಿದ್ದೆ. ಪ್ರತಿ ಸಲ ಊರಿಗೆ ಹೋದಾಗ ಹೊಸ ಬಿಲ್ಲೆ ತರುತ್ತಿದ್ದೆ. ಮೈಗೆ ಹಚ್ಚಲು ಅಲ್ಲ, ಸೀರೆಗೆ. ಮೈಸೂರಿನ ಯಾವ ಹೆಂಗಸು ಸೀರೆಯ ನಡುವೆ ಗಂಧವಿಡುವುದಿಲ್ಲ ಹೇಳಿ? ಅದೇ ಅರೆಯಲ್ಲಿ, ಅದೇ ಸೀರೆಗಳ ಪಕ್ಕ, ಮಡಿಸಿ ಇಟ್ಟಿರುತ್ತಿದ್ದೆ ನನ್ನ ಬೂದು ಸ್ವೆಟರು.

ಮೂಗಿಗೆ ಅಭ್ಯಾಸವಾದ ವಾಸನೆ ಮೂಗಿಗೆ ಗೊತ್ತಾಗುವುದಿಲ್ಲ. ಪ್ರತಿದಿನ ಗಂಧ ಮೂಸಿ ಮೂಗು ತೊಳೆದುಕೊಂಡು, ಆಮೇಲೆ ಬಾಟಲಿ ಮೂಸುತ್ತಿದ್ದೆ. ಬಾಟಲಿಯ ಗಂಧ ನನಗೆ ಮಾತ್ರ ಸಾಲದು ಎನಿಸುತ್ತಿತ್ತು. ಇಂದು ಒಂದು ಹನಿ, ಆರು ತಿಂಗಳಿಗೆ ಒಂದು ಹನಿ, ಆ ಮಿಶ್ರಣವೇ ಮುಂದಿನ ಮಾದರಿ. ಮೂವತ್ತು ವರ್ಷದಲ್ಲಿ ಇಂಗ್ಲಿಷರ ಚಳಿಗಾಲದ ಪಾರ್ಕನ್ನು ನಾನು ನನ್ನಮ್ಮನ ಬೀರು ಮಾಡಿಬಿಟ್ಟಿದ್ದೆ. ತನ್ನ ಬೆನ್ನು ತನಗೆ ಕಾಣದು. ಯಜಮಾನರು ಒಂದೇ ಸಲಕ್ಕೆ ಕಂಡು ಹೇಳಿದ್ದರು, ನಾನು ಪಟಿಕದ ಹೆಸರು ಹೇಳಿ ನಕ್ಕಿದ್ದೆ. ಆ ಸಂಜೆ ಅವರ ಮುಂದೆ ಕೂತು ಅತ್ತೆ.

“ಅಳೋದು ಇರ್ಲಿ, ಆ ಮುದುಕಪ್ಪನ ಒಲೆ?” ಎಂದರು ಅವರು. ಆರ್ಥರ್‌ರ ಮೂರನೆಯ ಪತ್ರವನ್ನು ನಾನು ಅವರಿಗೆ ಓದಿ ಹೇಳಿದ್ದೆ.

ಫಿಯೋನಾಗೆ ಎಲ್ಲ ಹೇಳಿದೆ. ಕಂಪನಿಯ ಕಾಗದದಲ್ಲಿ ತಪ್ಪೊಪ್ಪಿಗೆ ಬರೆಯುವುದು ಬೇಡ, ವಕೀಲರು ಹೌಹಾರುತ್ತಾರೆ ಎಂದಳು. ಹಾಗೆಂದವಳು ಆ ಮೂರು ಬಾಟಲಿಗಳ ಕಡೆ ಬೆನ್ನು ತಿರುಗಿಸಿ, “ನಾನು ಟೀ ತರೋಕೆ ಹೋಗ್ತೀನಿ. ವಾಪಸ್ ಬಂದಾಗ ಎರಡೇ ಬಾಟಲಿ ಇದ್ರೆ ನಾನು ಎಣಿಸೋದಿಲ್ಲ” ಎಂದು ಹೊರಟಳು. ಮೇಲಧಿಕಾರಿಗಳಲ್ಲಿ ಇಂಥವರೂ ಇರುತ್ತಾರೆ, ಸಿಕ್ಕಿದರೆ ಬಿಡಬೇಡಿ.

ಶನಿವಾರ ಎಲಿಜಬೆತ್ ಲೈನ್ ರೈಲಿನಲ್ಲಿ ಹೇಸ್‌ನಿಂದ ಸ್ಟ್ರಾಟ್‌ಫರ್ಡ್‌ಗೆ ಹೋದೆ. ಆರ್ಥರ್‌ಗೆ ಮೊದಲೇ ಪತ್ರ ಹಾಕಿ ಒಪ್ಪಿಗೆ ಪಡೆದಿದ್ದೆ. ಸ್ವೆಟರು ಹಾಕಿಕೊಂಡಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹರೆಯದವನೊಬ್ಬನ ಕೆನ್ನೆಯಿಂದ ಹಸಿರು ಬಾಟಲಿ ತೇಲಿಬಂತು. ಈಗಿನವರು ಅದನ್ನು ಅಪ್ಪಟ ಇಂಗ್ಲಿಷ್ ಅಜ್ಜನ ವಾಸನೆ ಎಂದು ಇಷ್ಟಪಟ್ಟು ಕೊಳ್ಳುತ್ತಾರೆ. ನಾನು ಕಣ್ಣು ಮುಚ್ಚಿಕೊಂಡೆ. ಮೈಸೂರಿನ ಮನೆ, ಅಮ್ಮ ಟ್ರಂಕಿನ ಮುಂದೆ ಕೂತು ಸೀರೆ ಮಡಿಸುತ್ತಿದ್ದಾಳೆ. ಎರಡು ಸ್ಟೇಷನ್ ದಾಟಿದ್ದು ನನಗೆ ಗೊತ್ತಾಗಲೇ ಇಲ್ಲ.

ಆರ್ಥರ್ ಟೈ ಕಟ್ಟಿಕೊಂಡು ಕಾಯುತ್ತಿದ್ದರು. ಮಗಳು ಜಾನೆಟ್ ಅಡುಗೆಮನೆಯ ಬಾಗಿಲಲ್ಲಿ ಕೈಚೀಲ ಹೆಗಲಿಗೆ ಹಾಕಿಕೊಂಡೇ ನಿಂತಿದ್ದಳು. ಕೆಟ್ಟವಳಲ್ಲ, ನಿದ್ದೆಗೆಟ್ಟ ಮುಖ. ಅವಳ ಹಿಂದೆ ನಾಬ್ ಇಲ್ಲದ ಒಲೆ, ಫ್ರಿಜ್ಜಿನ ಮೇಲೆ ನಗುವ ಮುದುಕರ ಚಿತ್ರವಿದ್ದ ಬಣ್ಣದ ಪುಸ್ತಕ ಕಾಣುತ್ತಿದ್ದವು.

“ನೋಡಿ ಮೇಡಂ, ಅಪ್ಪನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಸುಳ್ಳು ಹೇಳೋಕೆ ಬಂದಿದ್ರೆ ಬೇಡ” ಎಂದಳು.

“ಸುಳ್ಳು ನಾನು ಆಗ್ಲೇ ಬರೆದು ಆಯ್ತಮ್ಮ” ಎಂದೆ.

ಎಂಟು ಪಟ್ಟಿ ಕತ್ತರಿಸಿದೆ. ನಾಲ್ಕನ್ನು ಹಳೆಯದರಲ್ಲಿ, ನಾಲ್ಕನ್ನು ಈಗಿನದರಲ್ಲಿ ಅದ್ದಿ, ಹಿಂಬದಿಗೆ ಗುರುತು ಹಾಕಿ ಜಾನೆಟ್ ಕೈಗೇ ಕೊಟ್ಟು ಕಲಸಿಕೊಡು ಎಂದೆ. ಆರ್ಥರ್ ಕನ್ನಡಕ ತೆಗೆದಿಟ್ಟರು. ಮೊದಲನೆಯದನ್ನು ಮೂಸಿ ಎಡಕ್ಕಿಟ್ಟರು. ಎರಡನೆಯದು ಬಲಕ್ಕೆ. ಮೂರನೆಯದು ಬಲಕ್ಕೆ. ಬಸ್ಸಿನ ಟಿಕೆಟ್ ನೋಡುವಷ್ಟೇ ಹೊತ್ತು ಒಂದೊಂದಕ್ಕೆ. ಐದನೆಯದಕ್ಕೆ ಅವರ ಕೈ ನಿಂತಿತು. ಮತ್ತೆ ಮೂಸಿದರು. “ಇದೂ ನನ್ನದೇ” ಎಂದು ಎಡಕ್ಕಿಟ್ಟರು. ಎಂಟೂ ಮುಗಿದ ಮೇಲೆ ಜಾನೆಟ್ ಒಂದೊಂದಾಗಿ ತಿರುಗಿಸಿ ನೋಡಿದಳು. ನಾಲ್ಕಕ್ಕೆ ನಾಲ್ಕು ಎಡಕ್ಕೆ, ನಾಲ್ಕಕ್ಕೆ ನಾಲ್ಕು ಬಲಕ್ಕೆ.

ನಾನು ಹಳೆಯ ಬಾಟಲಿಯನ್ನು ಅವರ ಕಡೆ ಸರಿಸಿದೆ. ಅವರು ಅಂಗೈಗೆ ಹನಿಸಿಕೊಂಡು ಎರಡೂ ಕೆನ್ನೆಗೆ ತಟ್ಟಿಕೊಂಡರು, ಚುರ್ ಎಂದದ್ದಕ್ಕೆ ಒಂದು ಕಣ್ಣು ಮುಚ್ಚಿದರು. ಜಾನೆಟ್ ಹತ್ತಿರ ಬಂದಳು. ಬಗ್ಗಿ ಅಪ್ಪನ ಕೆನ್ನೆಯ ಪಕ್ಕ ಮುಖವಿಟ್ಟಳು. ಹಾಗೇ ಇದ್ದುಬಿಟ್ಟಳು. “ಡ್ಯಾಡ್, ನೀನು ಮೊದ್ಲು ಹೀಗೇ ಇದ್ದೆ, ನನ್ನನ್ನ ನಿನ್ನ ಹೆಗಲ ಮೇಲೆ ಕೂರಿಸ್ಕೊಳ್ತಿದ್ದಾಗ” ಎಂದಳು. ಅಷ್ಟು ವರ್ಷದಲ್ಲಿ ಹನಿ ಹನಿಯಾಗಿ ಬದಲಾದದ್ದು ಅವಳಿಗೂ ಗೊತ್ತಾಗಿರಲಿಲ್ಲ.

ಆರ್ಥರ್ ಬಲಗಡೆಯ ಪಟ್ಟಿಗಳನ್ನು ತೋರಿಸಿ, “ಹಾಗಾದ್ರೆ ಇದನ್ನ ಮಾಡಿದ್ದು ಯಾರು?” ಎಂದರು.

“ನಾನು” ಎಂದೆ. ಸ್ವೆಟರಿನ ಕಥೆಯನ್ನು ಬೀರುವಿನವರೆಗೂ ಹೇಳಿದೆ.

ಅವರು ಇನ್ನೊಮ್ಮೆ ಮೂಸಿದರು. “ಚೆನ್ನಾಗಿದೆ. ನಿಮ್ಮಮ್ಮ ಒಳ್ಳೆಯವರಿರ್ಬೇಕು. ಆದ್ರೆ ಅವರು ನನ್ನ ಕೆನ್ನೆ ಮೇಲೆ ಯಾಕಿರ್ಬೇಕು?” ಎಂದರು. ನನಗೆ ನಗುವೂ ಬಂತು, ಅಳುವೂ ಬಂತು. ಆಮೇಲೆ ಕೈ ಚಾಚಿ, “ಆ ಒಂದು ಸಾಲು” ಎಂದರು.

ಮೂವತ್ತೊಂದು ವರ್ಷ ‘ಸರಿಯಾಗಿದೆ’ ಎಂದು ಬರೆದು ಸಹಿ ಹಾಕಿದ ಚೀಟಿಗಳಿಗೆ ಲೆಕ್ಕವಿಲ್ಲ. ಅಂದು ಅವರ ಮೇಜಿನ ಮೇಲೆ, ನನ್ನ ಸ್ವಂತ ಕಾಗದದಲ್ಲಿ ಬರೆದೆ: ‘ಬಾಟಲಿ ಬದಲಾಗಿದೆ. ಬದಲಾಯಿಸಿದವಳು ನಾನು. ಆರ್ಥರ್ ಅವರ ಮೂಗು ಸರಿಯಾಗಿದೆ, ತಪ್ಪಿದ್ದು ನನ್ನ ಮೂಗು.’ ಸಹಿ ಹಾಕಿ ಕೊಟ್ಟೆ.

ಕಂಪನಿ ಹಸಿರು ಬಾಟಲಿಯನ್ನು ಹಿಂದಕ್ಕೆ ತಿರುಗಿಸಲಿಲ್ಲ, ಹೊಸಬರಿಗೆ ಈಗಿನದೇ ಬೇಕಂತೆ. ಕೆಲಸಕ್ಕೆ ಸೇರುವ ಹುಡುಗಿಯರೇ, ನಿಮಗೆ ನಾನು ಹೇಳುವುದು ಇಷ್ಟೇ. ನಿಮ್ಮ ತೋಳನ್ನು ಆಗಾಗ ಬೇರೆಯವರ ಮೂಗಿಗೆ ಕೊಡಿ. ಯಾರಾದರೂ ‘ಇದು ನನ್ನದಲ್ಲ’ ಎಂದು ಪತ್ರ ಬರೆದರೆ ಉತ್ತರ ಬರೆಯುವ ಮೊದಲು ಸ್ವೆಟರು ಬಿಚ್ಚಿಡಿ.

ಅಂದು ಆರ್ಥರ್ ಆ ಸಾಲುಗಳನ್ನು ಎರಡು ಸಲ ಜೋರಾಗಿ ಓದಿದರು. ಎದ್ದು ಹೋಗಿ ಫ್ರಿಜ್ಜಿನ ಮೇಲಿದ್ದ ಬಣ್ಣದ ಪುಸ್ತಕ ಕಿತ್ತು ಆ ಜಾಗಕ್ಕೆ ನನ್ನ ಚೀಟಿ ಅಂಟಿಸಿದರು. “ಮೇಡಂಗೆ ಟೀ ಬೇಡ್ವಾ?” ಎಂದರು, ಒಲೆಯ ಮುಂದೆ ನಿಂತು, ತಿರುಗದೆ.

ಜಾನೆಟ್ ಕೈಚೀಲ ತೆರೆದಳು. ಲಿಪ್‌ಸ್ಟಿಕ್ಕು, ಬೀಗದ ಕೈಗಳ ಕೆಳಗೆ ತಡಕಾಡಿ ಒಂದೊಂದಾಗಿ ನಾಲ್ಕು ಕರಿಯ ನಾಬ್‌ಗಳನ್ನು ಹೊರತೆಗೆದು ಅಪ್ಪನ ಅಂಗೈಯಲ್ಲಿ ಇಟ್ಟಳು.